ಊರವರು ಕರೆದದ್ದು, ಗುಮಾಸ್ತ ಬರೆದದ್ದು: ಯುರೋಪಿನ ಸರ್‌ನೇಮುಗಳು

(ಮಂಗಳೂರಿನ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾರ್ಟಿನಾ ನವ್ರಾಟಿಲೋವಾ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ವಿಂಬಲ್ಡನ್ ಸಿಂಗಲ್ಸ್ ಪಟ್ಟವನ್ನು 9 ಸಲ ಗೆದ್ದವರು. ಅವರ ಹೆಸರಿನ ಕೊನೆಯಲ್ಲಿರುವ 'ಓವಾ' ಚೆಕ್ ಭಾಷೆಯಲ್ಲಿ ಹೆಣ್ಣುಮಕ್ಕಳ ಸರ್‌ನೇಮಿಗೆ ಹತ್ತುವ ಪ್ರತ್ಯಯ. ಅದನ್ನು ಬಿಡಿಸಿದರೆ ಉಳಿಯುವುದು ನವ್ರಾಟಿಲ್. ಅದೊಂದು ಭೂತಕಾಲದ ಕ್ರಿಯಾಪದ: 'ಮರಳಿ ಬಂದ'.

ಚೆಕ್ ನಾಡಿನ ಬೊಹೀಮಿಯಾ, ಮೊರಾವಿಯಾ ಕಡೆಯ ಯಾವುದೋ ಹಳ್ಳಿಯಿಂದ ಒಬ್ಬ ಹೊರಟುಹೋಗಿದ್ದ. ದಂಡಿಗೆ ಹೋಗಿದ್ದನೋ, ದುಡಿಯಲು ಹೋಗಿದ್ದನೋ ಯಾರೂ ಬರೆದಿಟ್ಟಿಲ್ಲ. ಬಹುಶಃ ಇನ್ನು ಬರಲಾರ ಎಂದುಕೊಂಡಿದ್ದಾಗ ಬಂದ. ಊರಿನಲ್ಲಿ ಯಾನ್ ಎಂಬ ಹೆಸರಿನವರು ಹಲವರು. ಯಾವ ಯಾನ್ ಎಂದು ಕೇಳಿದರೆ, 'ಅವನೇ, ಮರಳಿ ಬಂದನಲ್ಲ' ಎಂದರು. ಅವನ ಮಗ ಎಲ್ಲಿಗೂ ಹೋಗಲಿಲ್ಲ, ಎಲ್ಲಿಂದಲೂ ಬರಲಿಲ್ಲ. ಆದರೂ ಅವನೂ 'ಮರಳಿ ಬಂದ'ನೇ ಆದ. ಚೆಕ್ ಜನರಲ್ಲಿ ಇಂಥ ಕ್ರಿಯಾಪದದ ಹೆಸರುಗಳು ಬೇಕಾದಷ್ಟಿವೆ. ಪೊಸ್ಪೀಶಿಲ್ ಅಂದರೆ 'ಅವಸರ ಮಾಡಿದ', ವಿಸ್ಕೊಚಿಲ್ ಅಂದರೆ 'ಹಾರಿದ', ದೊಹ್ನಲ್ ಅಂದರೆ 'ಬೆನ್ನಟ್ಟಿ ಹಿಡಿದ'. ಒಂದೊಂದರ ಹಿಂದೆಯೂ ಊರಿಗೆಲ್ಲ ಗೊತ್ತಿದ್ದ ಒಂದು ಘಟನೆ ಇದ್ದಿರಬೇಕು. ಘಟನೆ ಅಳಿಸಿಹೋಯಿತು, ಕ್ರಿಯಾಪದ ಉಳಿಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಇದರಲ್ಲೇ ಇದೆ. ಯುರೋಪಿನ ಸರ್‌ನೇಮುಗಳಲ್ಲಿ ಬಹುಪಾಲು ಆ ಮನೆತನದವರು ತಾವಾಗಿ ಇಟ್ಟುಕೊಂಡವಲ್ಲ. ಮೊದಲು ನೆರೆಹೊರೆಯವರು ಕರೆದರು. ಆಮೇಲೆ ಯಾವುದೋ ಪಾದ್ರಿ, ಯಾವುದೋ ತೆರಿಗೆ ಗುಮಾಸ್ತ ಅದನ್ನು ಪುಸ್ತಕಕ್ಕೆ ಏರಿಸಿದ. ಏರಿಸಿದ ಗಳಿಗೆಯಿಂದ ಅದು ಅಲ್ಲಾಡಲಿಲ್ಲ. ಆದ್ದರಿಂದ ಒಂದು ಸರ್‌ನೇಮನ್ನು ನೋಡಿದಾಗ, ಇದರ ಅರ್ಥವೇನು ಎಂಬುದರ ಜೊತೆಗೆ, ಇದನ್ನು ಯಾರು ಕರೆದರು, ಯಾಕೆ ಕರೆದರು ಎಂದೂ ಕೇಳಬೇಕು.

ಕಮ್ಮಾರನನ್ನು ನೋಡೋಣ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಸರ್‌ನೇಮ್ ಸ್ಮಿತ್. ಜರ್ಮನಿಯಲ್ಲಿ ಷ್ಮಿಟ್, ಫ್ರಾನ್ಸಿನಲ್ಲಿ ಲೆಫೆವ್ರ್ ಮತ್ತು ಫಾಬ್ರ್, ಇಟಲಿಯಲ್ಲಿ ಫೆರಾರಿ, ಸ್ಪೇನಿನಲ್ಲಿ ಎರ್ರೇರೊ, ಪೋಲೆಂಡಿನಲ್ಲಿ ಕೊವಾಲ್ಸ್ಕಿ, ಹಂಗರಿಯಲ್ಲಿ ಕೊವಾಚ್, ರಷ್ಯಾದಲ್ಲಿ ಕುಜ್ನೆತ್ಸೊವ್, ಉಕ್ರೇನಿನಲ್ಲಿ ಕೊವಾಲೆಂಕೊ, ಎಸ್ಟೋನಿಯಾದಲ್ಲಿ ಸೆಪ್, ಐರ್ಲೆಂಡಿನಲ್ಲಿ ಮೆಗವನ್. ಎಲ್ಲವೂ ಕಮ್ಮಾರ ಅಥವಾ ಕಮ್ಮಾರನ ಮಗ. ಕೆಂಪು ಬಣ್ಣದ ದುಬಾರಿ ಕಾರು ಫೆರಾರಿಯ ಹೆಸರೂ ಅದೇ.

ಹಾಗಾದರೆ ಮಧ್ಯಯುಗದ ಯುರೋಪ್ ತುಂಬ ಕಮ್ಮಾರರೇ ಇದ್ದರೇ? ಇಲ್ಲ. ಇದ್ದವರಲ್ಲಿ ಬಹುತೇಕರು ರೈತರು. ಆದರೆ ಊರಿನ ಐವತ್ತು ಮನೆಯಲ್ಲಿ ನಲವತ್ತೈದು ಮನೆ ಉಳುವವರದೇ ಆದಾಗ, 'ಉಳುವ ಜಾನ್' ಎಂದರೆ ಯಾರನ್ನು ಗುರುತಿಸಿದ ಹಾಗಾಯಿತು? ಕಮ್ಮಾರ ಊರಿಗೊಬ್ಬ. ಹಿಟ್ಟಿನ ಗಿರಣಿಯವನೂ ಊರಿಗೊಬ್ಬ, ಅದಕ್ಕೇ ಜರ್ಮನಿಯಲ್ಲಿ ಮ್ಯುಲರ್ ಮೊದಲ ಸ್ಥಾನದಲ್ಲಿದೆ. ಬೇಕರ್, ಶೂಮಾಕರ್, ಥ್ಯಾಚರ್ ಎಲ್ಲರೂ ಹೀಗೆಯೇ ಬಂದವರು: ರೊಟ್ಟಿ ಸುಡುವವ, ಜೋಡು ಹೊಲಿಯುವವ, ಹುಲ್ಲಿನ ಮಾಡು ಹೊದಿಸುವವ. ಊರಿನಲ್ಲಿ ಅಪರೂಪವಾಗಿದ್ದದ್ದು ಹೆಸರಾಯಿತು. ಪ್ರತಿ ಊರಿನಲ್ಲೂ ಅದೇ ಅಪರೂಪ ಇದ್ದದ್ದರಿಂದ ಕೊನೆಗೆ ದೇಶದಲ್ಲೇ ಅತಿ ಸಾಮಾನ್ಯ ಹೆಸರಾಗಿ ನಿಂತಿತು.

ಊರಿನ ಹೆಸರು ಹೊತ್ತವರ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಫ್ರೆಂಚ್ ಎಂಬ ಸರ್‌ನೇಮ್ ಸಿಗುವುದು ಇಂಗ್ಲೆಂಡಿನಲ್ಲಿ. ಹಂಗರಿಯಲ್ಲಿ ಹೆಚ್ಚು ಕಾಣುವ ಹೆಸರುಗಳಲ್ಲಿ ನೇಮೆತ್ ಅಂದರೆ ಜರ್ಮನಿಯವ, ಹೊರ್ವಾತ್ ಅಂದರೆ ಕ್ರೊಯೇಷಿಯಾದವ. ವಾಲೇಸ್, ವಾಲ್ಶ್ ಎಂಬವು ಇಂಗ್ಲಿಷ್ ಮಾತಾಡುವವರು ತಮ್ಮ ಭಾಷೆ ಬಾರದ ನೆರೆಯವರನ್ನು 'ಪರಕೀಯ' ಎಂಬ ಅರ್ಥದ ಹಳೆಯ ಮಾತಿನಿಂದ ಕರೆದ ಕುರುಹು. ಚಿತ್ರಕಾರ ವಾನ್ ಗೋ ಅವರ ಮನೆತನದ ಹೆಸರಿನಲ್ಲಿರುವುದು ಡಚ್ ಗಡಿಯಿಂದ ಆಚೆ ಜರ್ಮನಿಯಲ್ಲಿರುವ ಗೊಖ್ ಎಂಬ ಪಟ್ಟಣ. ಇನ್ನು ಪೋಲೆಂಡ್, ಚೆಕ್ ನಾಡು, ಸ್ಲೊವೇನಿಯಾ ಮೂರರಲ್ಲೂ ಮೊದಲ ಸ್ಥಾನದಲ್ಲಿರುವುದು ನೊವಾಕ್. ಅರ್ಥ 'ಹೊಸಬ'. ಊರಿಗೆ ಹೊಸದಾಗಿ ಬಂದು ಮನೆ ಹೂಡಿದವನು. ನೂರಾರು ವರ್ಷ ಒಂದೇ ಊರಿನಲ್ಲಿ ಬಾಳಿದ ಮನೆತನ ಇಂದಿಗೂ 'ಹೊಸಬ'ನೇ.

ಕೆಲಸದ ಹೆಸರುಗಳಲ್ಲಿ ನನಗೆ ಬಹಳ ಪ್ರೀತಿಯ ಒಂದು ಗುಂಪು ಇದೆ, ಅದರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಧ್ಯಯುಗದ ಇಂಗ್ಲೆಂಡಿನ ಸಂಪತ್ತು ಉಣ್ಣೆ. ಕುರಿಯ ಬೆನ್ನಿನಿಂದ ಮನುಷ್ಯನ ಬೆನ್ನಿಗೆ ಉಣ್ಣೆ ಬರುವ ದಾರಿಯ ಒಂದೊಂದು ಹೆಜ್ಜೆಯೂ ಅಲ್ಲಿನ ಸರ್‌ನೇಮುಗಳಲ್ಲಿ ಸಿಗುತ್ತದೆ. ಕುರಿ ಕಾಯುವವ ಶೆಪರ್ಡ್. ನೇಯುವವ ವೀವರ್, ವೆಬ್, ವೆಬ್‌ಸ್ಟರ್. ಬಣ್ಣ ಹಾಕುವವ ಡೈಯರ್, ಲಿಸ್ಟರ್. ಬಟ್ಟೆಯ ಮೇಲೆದ್ದ ನೂಲನ್ನು ದೊಡ್ಡ ಕತ್ತರಿಯಿಂದ ಸಮ ಮಾಡುವವ ಶರ್ಮನ್. ಮಾರುವವ ಡ್ರೇಪರ್, ಹೊಲಿಯುವವ ಟೇಲರ್. ವೆಬ್‌ಸ್ಟರ್, ಬ್ರೂಸ್ಟರ್, ಬ್ಯಾಕ್‌ಸ್ಟರ್ ಹೆಸರುಗಳ ಕೊನೆಯ 'ಸ್ಟರ್' ಹಳೆಯ ಇಂಗ್ಲಿಷಿನಲ್ಲಿ ಹೆಣ್ಣಿಗೆ ಹತ್ತುತ್ತಿದ್ದ ಪ್ರತ್ಯಯ: ನೇಯುವವಳು, ಮದ್ಯ ಕಾಸುವವಳು, ರೊಟ್ಟಿ ಸುಡುವವಳು. ಮುಂದೆ ಗಂಡಸರಿಗೂ ಅದೇ ಬಳಕೆಯಾಯಿತು. ಆದರೂ ಆ ಕೆಲಸಗಳನ್ನು ಒಂದು ಕಾಲಕ್ಕೆ ಹೆಂಗಸರೂ ಹಿಡಿದು ನಡೆಸುತ್ತಿದ್ದರು ಎಂಬುದಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ನಡುವೆ ಒಂದು ಹೆಜ್ಜೆ ಬಿಟ್ಟೆ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ, ಕುರಿಯ ಜಿಡ್ಡು ಹಾಗೇ ಇರುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ, ನೀರು, ಹಳಸಿದ ಮೂತ್ರ, ಜಿಡ್ಡು ಹೀರುವ ಒಂದು ಬಗೆಯ ಮಣ್ಣು ಸೇರಿಸಿ, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯಬೇಕು. ತುಳಿದಂತೆಲ್ಲ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಗಾಳಿ ಮಳೆ ತಡೆಯುವ ಹಾಗಾಗುತ್ತದೆ. ಈ ತುಳಿಯುವವನಿಗೆ ಇಂಗ್ಲೆಂಡಿನ ಉತ್ತರದಲ್ಲಿ ವಾಕರ್ ಎಂದರು, ಆಗ್ನೇಯದಲ್ಲಿ ಫುಲ್ಲರ್ ಎಂದರು, ನೈಋತ್ಯದಲ್ಲಿ ಟಕರ್ ಎಂದರು. ಕೆಲಸ ಒಂದೇ, ನಾಡಿಗೊಂದು ಮಾತು. ಒಬ್ಬರ ಸರ್‌ನೇಮ್ ಟಕರ್ ಎಂದು ತಿಳಿದರೆ ಅವರ ಹಿರಿಯರು ಡೆವನ್, ಸಾಮರ್‌ಸೆಟ್ ಕಡೆಯವರು ಇರಬಹುದು ಎಂದು ಹೇಳಬಹುದಾದ ಆಧಾರ ಇದು. ಹನ್ನೆರಡನೆಯ ಶತಮಾನದಿಂದಲೇ ನೀರಿನ ಚಕ್ರದಿಂದ ಮರದ ಕೊಡತಿಗಳನ್ನು ಕುಟ್ಟಿಸಿ ಈ ಕೆಲಸ ಮಾಡುವ ಗಿರಣಿಗಳು ಬಂದವು. ಕಾಲಿನ ಕೆಲಸ ಯಂತ್ರಕ್ಕೆ ಹೋಯಿತು. ವಾಕರ್ ಎಂಬ ಹೆಸರಿನಲ್ಲಿ ಮಾತ್ರ ಆ ನಡಿಗೆ ನಿಂತಿಲ್ಲ.

ಹೆಸರು ಯಾವಾಗ ಗಟ್ಟಿಯಾಯಿತು? ಒಂದೇ ದಿನಾಂಕ ಹೇಳಲಾಗದು. ಐರ್ಲೆಂಡ್ ತೀರ ಮುಂಚೆ: ಗಾಲ್ವೆ ಸೀಮೆಯ ಓ ಕ್ಲೇರಿ ಎಂಬ ಒಡೆಯನ ಸಾವನ್ನು ಅಲ್ಲಿನ ವೃತ್ತಾಂತ 916ರಲ್ಲಿ ದಾಖಲಿಸುತ್ತದೆ. ವೆನಿಸಿನ ಸಿರಿವಂತರೂ ಬೇಗ ಹಿಡಿದರು. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ಗೆಲುವಿನ ನಂತರ ಜಮೀನ್ದಾರರಿಂದ ಆರಂಭವಾಗಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬಹುತೇಕ ಸಾಮಾನ್ಯರವರೆಗೂ ಇಳಿಯಿತು. ಕವಿ ಜೆಫ್ರಿ ಚಾಸರ್ ಒಳ್ಳೆಯ ಉದಾಹರಣೆ. ಚಾಸರ್ ಎಂದರೆ ಹಳೆಯ ಫ್ರೆಂಚಿನಲ್ಲಿ ಕಾಲಿಗೆ ತೊಡುವ ಚೀಲ, ಜೋಡು ಮಾಡುವವ. ಕವಿಯ ತಂದೆ ಲಂಡನ್ನಿನಲ್ಲಿ ದ್ರಾಕ್ಷಾರಸದ ವ್ಯಾಪಾರಿ. ಕವಿಗೆ 1374ರಲ್ಲಿ ಸಿಕ್ಕಿದ್ದು ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕ ನೋಡಿಕೊಳ್ಳುವ ಹುದ್ದೆ. ಅಂದರೆ ಅಷ್ಟರಲ್ಲಾಗಲೇ ಹೆಸರು ಕೆಲಸದಿಂದ ಬಿಡಿಸಿಕೊಂಡು ಮನೆತನದ ಸೊತ್ತಾಗಿತ್ತು.

ಆಮೇಲೆ ಪುಸ್ತಕಗಳು ಬಂದವು. 1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಇಂಗ್ಲೆಂಡಿನ ಪ್ರತಿ ಚರ್ಚೂ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. 1563ರಲ್ಲಿ ಮುಗಿದ, ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಸಭೆ ಕ್ಯಾಥೊಲಿಕ್ ಜಗತ್ತಿಗೆಲ್ಲ ಅಂಥದೇ ನಿಯಮ ತಂದಿತು. ಪಾದ್ರಿ ತಂದೆಯ ಹೆಸರು ಬರೆಯುವಾಗ ಹಾಕಿದ್ದನ್ನೇ ಮಗನಿಗೂ ಹಾಕಿದ. ಊರವರು ಬೇರೆ ಕರೆಯತೊಡಗಿದರೂ ಪುಸ್ತಕ ಬಿಡಲಿಲ್ಲ.

ವೇಲ್ಸಿನವರದು ಬೇರೆಯೇ ದಾರಿ. ಅಲ್ಲಿ ಇಂಥವನ ಮಗ ಇಂಥವ ಎನ್ನುವುದೇ ರೂಢಿ. 'ಮಗ' ಎಂಬುದಕ್ಕೆ 'ಆಪ್'. 1536 ಮತ್ತು 1543ರ ಕಾಯಿದೆಗಳಿಂದ ಇಂಗ್ಲಿಷ್ ನ್ಯಾಯವ್ಯವಸ್ಥೆ ಕಾಲಿಟ್ಟ ಮೇಲೆ, ಇಂಗ್ಲಿಷ್ ಮಾದರಿಯ ಹೆಸರು ಬೇಕೇಬೇಕಾಯಿತು. ಗುಮಾಸ್ತನ ಕಿವಿಗೆ ಆಪ್ ಹಾವೆಲ್ ಪಾವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ಆಪ್ ರಿಚರ್ಡ್ ಪ್ರಿಚರ್ಡ್ ಆಯಿತು, ಆಪ್ ಹ್ಯಾರಿ ಪ್ಯಾರಿ ಆಯಿತು. ಉಳಿದವರು ಆಗ ಚಾಲ್ತಿಯಲ್ಲಿದ್ದ ಬೆರಳೆಣಿಕೆಯ ತಂದೆ-ಹೆಸರುಗಳಿಗೆ ಅಂಟಿಕೊಂಡರು: ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್. ಈಗ ಬೀದಿಗೆ ಹತ್ತು ಜೋನ್ಸ್. ಊರವರು ಏನು ಮಾಡಿದರು ಗೊತ್ತೇ? ಮತ್ತೆ ಮೊದಲಿನಿಂದ ಆರಂಭಿಸಿದರು. ಹಾಲಿನ ಜೋನ್ಸ್, ಅಂಚೆಯ ಇವಾನ್ಸ್. ಮನುಷ್ಯರಿಗೆ ಮನುಷ್ಯರನ್ನು ಗುರುತಿಸುವ ಅಗತ್ಯ ಪುಸ್ತಕಕ್ಕಿಂತ ದೊಡ್ಡದು.

ಇಲ್ಲಿಯವರೆಗಿನದು ನೆರೆಯವರ ಕಥೆ. ಆದರೆ ಹೆಸರು ಕೊಡುವ ಅಧಿಕಾರ ಆಳುವವರ ಕೈಗೆ ಹೋದಾಗ ಏನಾಗುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

1465ರಲ್ಲಿ ಡಬ್ಲಿನ್ ಸುತ್ತಲಿನ ಇಂಗ್ಲಿಷ್ ಆಡಳಿತದ ಪ್ರದೇಶದಲ್ಲಿದ್ದ ಐರಿಷ್ ಜನರಿಗೆ ಒಂದು ಶಾಸನ ಹೊರಟಿತು: ಇಂಗ್ಲಿಷ್ ಹೆಸರು ಇಟ್ಟುಕೊಳ್ಳಿ, ಊರಿನದಾದರೆ ಊರಿನದು, ಬಣ್ಣವಾದರೆ ಬಿಳಿ, ಕಪ್ಪು, ಕಂದು, ಕಸುಬಾದರೆ ಕಮ್ಮಾರ, ಬಡಗಿ. ಮುಂದಿನ ಶತಮಾನಗಳಲ್ಲಿ ಹೆಸರುಗಳ ಮುಂದಿನ 'ಓ' ಮತ್ತು 'ಮ್ಯಾಕ್' ಎಷ್ಟೋ ಮನೆಗಳಿಂದ ಉದುರಿದವು. ಕ್ಯಾವನ್ ಜಿಲ್ಲೆಯ ಅನೇಕ ಸ್ಮಿತ್‌ಗಳು ಇಂಗ್ಲೆಂಡಿನಿಂದ ಬಂದವರೇ ಅಲ್ಲ. ಮ್ಯಾಕ್ ಗವನ್ (ಮೊದಲು ಹೇಳಿದ ಮೆಗವನ್, ಕಮ್ಮಾರನ ಮಗ) ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡವರು.

ಮಧ್ಯ ಯುರೋಪಿನ ಯಹೂದಿಗಳಲ್ಲಿ ಬಹಳ ಮಂದಿ ತಂದೆಯ ಹೆಸರಿನಿಂದಲೇ ನಡೆದುಕೊಂಡು ಬಂದವರು. ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸ್‌ಸೋನ್ ಹೆಸರಿನಲ್ಲೇ ಅದಿದೆ: ಮೆಂಡೆಲನ ಮಗ. ಸಂಗೀತಗಾರ ಫೆಲಿಕ್ಸ್ ಅವರ ಮೊಮ್ಮಗ. 1787ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಆಸ್ಟ್ರಿಯಾ ಸಾಮ್ರಾಜ್ಯದ ಯಹೂದಿಗಳೆಲ್ಲ ಶಾಶ್ವತವಾದ ಸರ್‌ನೇಮ್ ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿ 1812ರಲ್ಲಿ ಅದೇ ಆಯಿತು. ರೋಸೆನ್‌ಥಾಲ್ ಅಂದರೆ ಗುಲಾಬಿಯ ಕಣಿವೆ, ಗೋಲ್ಡ್‌ಬರ್ಗ್ ಅಂದರೆ ಚಿನ್ನದ ಬೆಟ್ಟ. ಇಂಥ ಎಷ್ಟೋ ಹೆಸರುಗಳು ಆ ಕಾಲದ ಪುಸ್ತಕಗಳಲ್ಲಿ ಹುಟ್ಟಿದವು. ತೆರಿಗೆಗೆ, ಸೈನ್ಯದ ಭರ್ತಿಗೆ ಹೆಸರು ಬೇಕಾಗಿತ್ತು. ಹೆಸರಿನ ಪುಸ್ತಕ ಯಾರ ಕೈಗೆ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. 1938ರ ಆಗಸ್ಟಿನಲ್ಲಿ ನಾಜಿ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ, ಸರ್ಕಾರದ ಪಟ್ಟಿಯಲ್ಲಿಲ್ಲದ ಹೆಸರಿನ ಯಹೂದಿ ಗಂಡಸರೆಲ್ಲ ತಮ್ಮ ಹೆಸರಿಗೆ ಇಸ್ರೇಲ್ ಎಂದೂ ಹೆಂಗಸರೆಲ್ಲ ಸಾರಾ ಎಂದೂ ಸೇರಿಸಿಕೊಳ್ಳಬೇಕಾಯಿತು. ಕೊಲ್ಲುವ ಮುನ್ನ ಹೆಸರಿಟ್ಟರು.

ನೇಪಲ್ಸಿಗೆ ಬನ್ನಿ. ಅಲ್ಲಿ ಎಸ್ಪೋಸಿಟೊ ಎಂಬ ಸರ್‌ನೇಮ್ ಬೀದಿಬೀದಿಗೆ ಸಿಗುತ್ತದೆ. ಅರ್ಥ 'ಹೊರಗೆ ಇಟ್ಟದ್ದು'. ಅನ್ನುನ್ಸಿಯಾಟಾ ಎಂಬ ಧರ್ಮಸಂಸ್ಥೆಯ ಗೋಡೆಯಲ್ಲಿ, ಬೀದಿಯ ಕಡೆಗೆ ತೆರೆದುಕೊಂಡ ಒಂದು ಕಂಡಿ. ಅದರೊಳಗೆ ತಿರುಗುವ ಮರದ ಪೀಪಾಯಿ. ಸಾಕಲಾಗದ ತಾಯಿ ಕತ್ತಲಲ್ಲಿ ಬಂದು ಕೂಸನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ, ಕೂಸು ಒಳಗಿನವರ ಕೈ ಸೇರುತ್ತಿತ್ತು. ತಾಯಿಯ ಮುಖ ಯಾರೂ ನೋಡುತ್ತಿರಲಿಲ್ಲ. ಆ ಮಕ್ಕಳಿಗೆ ಪುಸ್ತಕದಲ್ಲಿ ಎಸ್ಪೋಸಿಟೊ ಎಂದು ಬರೆದರು. 1875ರಲ್ಲಿ ಆ ಚಕ್ರವನ್ನು ಮುಚ್ಚಿದರು. ಫ್ಲಾರೆನ್ಸಿನಲ್ಲಿ 1445ರಲ್ಲಿ ತೆರೆದ ಅನಾಥಾಲಯದ ಮಕ್ಕಳಿಗೆ ಇನ್ನೊಸೆಂಟಿ, ಅಂದರೆ 'ಏನೂ ಅರಿಯದವರು' ಎಂಬ ಹೆಸರು. ಮಿಲಾನಿನಲ್ಲಿ ಆಸ್ಪತ್ರೆಯ ಚಿಹ್ನೆಯಾಗಿದ್ದ ಪಾರಿವಾಳದಿಂದ ಕೊಲೊಂಬೊ. ತಂದೆಯೂ ಊರೂ ಕಸುಬೂ ಗೊತ್ತಿಲ್ಲದ ಮಗುವಿಗೂ ಪುಸ್ತಕದಲ್ಲಿ ಒಂದು ಕಾಲಂ ತುಂಬಬೇಕಿತ್ತು. ನನ್ನ ಮಟ್ಟಿಗೆ ಈ ಹೆಸರುಗಳ ಮುಂದೆ ಯಾವ ರಾಜವಂಶದ ಹೆಸರೂ ದೊಡ್ಡದಲ್ಲ. ಅವನ್ನು ಹೊತ್ತು ತಿರುಗಿದ ಮಕ್ಕಳು ಬದುಕಿದರು, ಮದುವೆಯಾದರು, ತಮ್ಮ ಮಕ್ಕಳಿಗೆ ಅದನ್ನೇ ಕೊಟ್ಟರು.

ಉತ್ತರದ ದೇಶಗಳನ್ನು ಬೇಗ ದಾಟುತ್ತೇನೆ. ಸ್ವೀಡನ್ನಿನ ದಂಡಿನಲ್ಲಿ ಒಂದೇ ತುಕಡಿಯಲ್ಲಿ ಹಲವು ಆಂಡರ್ಸ್ ಆಂಡರ್ಸನ್‌ಗಳಿದ್ದರೆ ಕೂಗುವುದು ಹೇಗೆ? ಅಧಿಕಾರಿಗಳು ಚುಟುಕು ಹೆಸರು ಕೊಟ್ಟರು: ರಾಸ್ಕ್ ಅಂದರೆ ಚುರುಕು, ಮೂದಿಗ್ ಅಂದರೆ ಧೈರ್ಯವಂತ, ಸ್ಟೋಲ್ ಅಂದರೆ ಉಕ್ಕು. ಕೆಲವರು ದಂಡಿನಿಂದ ಮನೆಗೂ ಅದನ್ನು ತಂದರು. ಐಸ್‌ಲ್ಯಾಂಡ್ ಮಾತ್ರ ಇವತ್ತಿಗೂ ಸರ್‌ನೇಮಿಗೆ ಒಲಿದಿಲ್ಲ. 1980ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅಂದರೆ ಫಿನ್‌ಬೊಗಿಯ ಮಗಳು ವಿಗ್ದಿಸ್, ಅಷ್ಟೆ. ಅಪ್ಪ, ಅಮ್ಮ, ಮಗ, ಮಗಳು ನಾಲ್ವರಿಗೆ ನಾಲ್ಕು ಕೊನೆಹೆಸರು. ಅಚ್ಚಾಗುತ್ತಿದ್ದ ಕಾಲದಲ್ಲಿ ಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಅಕಾರಾದಿಯಲ್ಲೇ ಇರುತ್ತಿತ್ತು. ಹೊಸ ಮನೆತನದ ಹೆಸರು ಇಟ್ಟುಕೊಳ್ಳುವುದನ್ನು 1925ರ ಕಾನೂನು ನಿಲ್ಲಿಸಿತು. ಇನಿಶಿಯಲ್ ಮಾತ್ರ ಇರುವ ನಮ್ಮವರು ಯುರೋಪಿಗೆ ಹೊರಟಾಗ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆಯುತ್ತಾರಲ್ಲ, ಅಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಅದೇ ಮನೆತನದ ಹೆಸರಾಗಿಬಿಡುವುದುಂಟು. ಆರು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಆದದ್ದು ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಹೆಸರು ಒಂದೇ ಆದರೆ ರಕ್ತವೂ ಒಂದೇ ಆಗಿರುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಗಂಡು ಸಂತತಿಯಲ್ಲಿ ವೈ ಕ್ರೋಮೊಸೋಮ್ ಸರ್‌ನೇಮಿನ ಹಾಗೆಯೇ ತಂದೆಯಿಂದ ಮಗನಿಗೆ ಇಳಿಯುತ್ತದೆ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ 2000ರಲ್ಲಿ ತಮ್ಮದೇ ಸರ್‌ನೇಮಿನ ಗಂಡಸರನ್ನು ಪರೀಕ್ಷಿಸಿದಾಗ ಅರ್ಧಕ್ಕೆ ಸಮೀಪ ಜನರಲ್ಲಿ ಒಂದೇ ಗುರುತು ಕಂಡಿತು. ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರೂ ಇದನ್ನು ಮುಂದುವರಿಸಿದರು. ಅಪರೂಪದ ಹೆಸರಿನವರಲ್ಲಿ ಹೊಂದಿಕೆ ಹೆಚ್ಚು, ಸ್ಮಿತ್‌ನಂಥ ಹೆಸರಿನವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಮ್ಮಾರ ಊರಿಗೊಬ್ಬ ಇದ್ದ ಎಂದ ಮೇಲೆ ಇದು ಆಗಲೇಬೇಕಾದದ್ದು.

ಕೊನೆಗೆ ಈ ಊರಿನ ಹೆಸರುಗಳಿಗೆ ಬರುತ್ತೇನೆ. ಮಂಗಳೂರಿನ ಕ್ರೈಸ್ತ ಬಾಂಧವರ ಸರ್‌ನೇಮುಗಳು ಯುರೋಪಿನ ಇತಿಹಾಸವನ್ನೇ ಹೊತ್ತಿವೆ. ಲೋಬೊ ಅಂದರೆ ತೋಳ, ಪಿಂಟೊ ಅಂದರೆ ಕೋಳಿಮರಿ, ಕುವೆಲ್ಲೊ ಅಂದರೆ ಮೊಲ. ಯಾವನದೋ ನಡೆನುಡಿ ನೋಡಿ ಊರವರು ಇಟ್ಟ ಅಡ್ಡಹೆಸರುಗಳು. ಪಿರೇರಾ ಪಿಯರ್ ಹಣ್ಣಿನ ಮರ, ಡಿಸಿಲ್ವ ಕಾಡಿನವನು. ಸೋಜ ಅಥವಾ ಸೌಜಾ ಉತ್ತರ ಪೋರ್ಚುಗಲ್ಲಿನ ಒಂದು ನದಿ. ಡಿಸೋಜ ಎಂದರೆ ಆ ನದಿಯ ಸೀಮೆಯವನು. ಅಲ್ಮೇಡಾದ ಮೂಲ ಅರಬ್ಬಿ: ಐಬೀರಿಯಾವನ್ನು (ಸ್ಪೇನ್, ಪೋರ್ಚುಗಲ್ ಇರುವ ಭೂಭಾಗ) ಅರಬರು ಆಳಿದ ಕಾಲದ ಗುರುತು. ಇನ್ನು 'ಇಸ್' ಎಂದು ಮುಗಿಯುವವು ಮಗ ಎಂಬ ಅರ್ಥದವು. ಇಲ್ಲೇ 1930ರಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರ ಸರ್‌ನೇಮ್ ಎಂದರೆ ಫೆರ್ನಾಂಡೊನ ಮಗ. ಫೆರ್ನಾಂಡೊ ಪೋರ್ಚುಗೀಸ್ ಮೂಲದ್ದಲ್ಲ, ಜರ್ಮಾನಿಕ್ ಹೆಸರು. ಅದನ್ನು ಐಬೀರಿಯಾಕ್ಕೆ ತಂದವರು ಐದನೆಯ ಶತಮಾನದಲ್ಲಿ ನುಗ್ಗಿದ, ವಿಸಿಗಾತರೆಂಬ ಜರ್ಮಾನಿಕ್ ಜನ. ರೊಡ್ರಿಗಸ್ ಕೂಡ ಹಾಗೆಯೇ. 711ರಲ್ಲಿ ಅರಬರೆದುರು ಸೋತ ಕೊನೆಯ ವಿಸಿಗಾತ್ ದೊರೆಯ ಹೆಸರು ರೊಡ್ರಿಗೊ. ಜರ್ಮಾನಿಕ್ ಹೆಸರು ಲ್ಯಾಟಿನ್ ನಾಡಿನಲ್ಲಿ ಪ್ರತ್ಯಯ ಹತ್ತಿಸಿಕೊಂಡು, 1510ರ ನಂತರ ಗೋವೆಗೆ ಇಳಿದು, ಅಲ್ಲಿಂದ ವಲಸೆ ಬಂದವರ ಜೊತೆ ಕರಾವಳಿಗೆ ಬಂತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು: "ನಮ್ಮದು ಲೋಬೊ ಮನೆತನ. ಹಾಗಾದರೆ ನಮ್ಮ ಹಿರಿಯರು ಪೋರ್ಚುಗಲ್ಲಿನವರಾ ಸಾರ್?"

ನಾನು ಹೇಳಿದ್ದು ಇದು. ಅಲ್ಲ, ಬಹುಮಟ್ಟಿಗೆ ಅಲ್ಲ. ಗೋವೆಯಲ್ಲಿ ದೀಕ್ಷಾಸ್ನಾನ ಪಡೆದ ಕೊಂಕಣಿಗರಿಗೆ ಅವರ ದೇವತಂದೆಯಾಗಿ (ದೀಕ್ಷೆಯ ಹೊತ್ತಿಗೆ ಹೊಣೆ ಹೊತ್ತು) ನಿಂತವರ, ಕೆಲವೊಮ್ಮೆ ದೀಕ್ಷೆ ಕೊಟ್ಟ ಪಾದ್ರಿಯ ಸರ್‌ನೇಮ್ ಬರುತ್ತಿತ್ತು. ಒಂದೇ ವಂಶದವರು ಬೇರೆಬೇರೆ ಹೊತ್ತಿನಲ್ಲಿ ದೀಕ್ಷೆ ಪಡೆದಿದ್ದರೆ ಒಬ್ಬರು ಲೋಬೊ, ಇನ್ನೊಬ್ಬರು ಡಿಸೋಜ ಆಗಬಹುದಿತ್ತು. ತೋಳ ಎಂದು ಊರವರಿಂದ ಕರೆಸಿಕೊಂಡವನು ಪೋರ್ಚುಗಲ್ಲಿನ ಆ ದೇವತಂದೆಯ ಯಾವುದೋ ಪೂರ್ವಿಕ. ನಿಮ್ಮ ಹಿರಿಯರನ್ನು ಅವರ ನೆರೆಯವರು ಏನೆಂದು ಕರೆಯುತ್ತಿದ್ದರು ಎಂಬುದು ಅದಕ್ಕೂ ಹಿಂದಿನ ಪದರ: ಪ್ರಭು, ಶೇಟ್, ಕಾಮತ್, ಪೈ, ನಾಯಕ್. ಅದನ್ನು ಮರೆಯದೆ ಇಟ್ಟುಕೊಂಡ ಮನೆಗಳು ಇಲ್ಲಿ ಇನ್ನೂ ಇವೆ. ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿ, ಚರ್ಚಿನ ಪುಸ್ತಕ ಆಮೇಲೆ ನೋಡಿ.